ಗುಂಡು ಬೆವರಿದ ಮೇಲೆ

ಮೊದಲ ಗುಂಡನ್ನು ಕೊಂದವನು ನಾನೇ. ಟ್ರಾಲ್ ಬೋಟಿನ ಬಲೆಗೆ ಸಿಕ್ಕಿದ್ದ, ಸುಣ್ಣಕಲ್ಲಿನ ಉಂಡೆಯಂತಿದ್ದ ಅದನ್ನು ತಾಂಡೇಲರೊಬ್ಬರು ಕರಾವಳಿಯ ನಮ್ಮ ಪುಟ್ಟ ಸಂಗ್ರಹಾಲಯಕ್ಕೆ ತಂದುಕೊಟ್ಟರು. "ಇಷ್ಟು ಕಾಲ ಉಪ್ಪುನೀರಿನಲ್ಲೇ ಇದ್ದದ್ದು, ಇನ್ನೇನಾಗುತ್ತದೆ ಮಾರಾಯರೇ?" ಎಂದರು. ನನಗೂ ಸರಿ ಎನಿಸಿತು. ಉಳಿ, ಸುತ್ತಿಗೆ ಹಿಡಿದು ಚಿಪ್ಪು ಕಟ್ಟಿದ ತೊಗಟೆ ಬಿಡಿಸಿದೆ. ಒಳಗೆ ನುಣುಪಾದ ಕಪ್ಪು ಫಿರಂಗಿ ಗುಂಡು! ತೊಳೆದು, ಒರೆಸಿ, ಮೇಜಿನ ಮೇಲೆ ಒಣಗಲು ಇಟ್ಟೆ. ಸ್ವಲ್ಪ ಹೊತ್ತಿಗೆ ಮುಟ್ಟಿದರೆ ಬೆಚ್ಚಗಿತ್ತು. ಕಿಟಕಿಯ ಬಿಸಿಲು ಇರಬೇಕು ಎಂದುಕೊಂಡೆ.

ಬಿಸಿಲಲ್ಲ. ಗಾಳಿಯ ಆಮ್ಲಜನಕ ಒಳಹೊಕ್ಕು ಕಬ್ಬಿಣವನ್ನು ಸುಡತೊಡಗಿತ್ತು. ಮೂರು ವಾರಕ್ಕೆ ಮೈಮೇಲೆ ಕಂದು ಬೆವರ ಹನಿಗಳು ಮೂಡಿದವು. ಮಳೆಗಾಲ ಮುಗಿಯುವಷ್ಟರಲ್ಲಿ ಗುಂಡು ಈರುಳ್ಳಿಯಂತೆ ಪದರ ಪದರವಾಗಿ ಬಿಚ್ಚಿಕೊಂಡು ತಟ್ಟೆಯ ತುಂಬ ಪುಡಿಯಾಯಿತು.

ಎರಕದ ಕಬ್ಬಿಣದ ಮೋಸವೇ ಇದು. ಸಮುದ್ರ ಕಬ್ಬಿಣವನ್ನು ಕರಗಿಸಿ ಒಯ್ಯುತ್ತದೆ, ಅದರೊಳಗಿನ ಗ್ರಾಫೈಟನ್ನು, ಅಂದರೆ ಪೆನ್ಸಿಲ್ ಕಡ್ಡಿಯಲ್ಲಿರುವ ಇಂಗಾಲವನ್ನು, ಬಿಡುತ್ತದೆ. ಆಕಾರ ಕೂದಲೆಳೆಯಷ್ಟೂ ಕೆಡದು, ತೂಕ ಮಾತ್ರ ಇಳಿಯುತ್ತದೆ. ಖಾಲಿಯಾದ ಸೂಕ್ಷ್ಮ ರಂಧ್ರಗಳಲ್ಲಿ ಕಡಲುಪ್ಪಿನ ಕ್ಲೋರೈಡ್ ಸೇರಿಕೊಂಡಿರುತ್ತದೆ. ಒಣಗಿದೊಡನೆ ಅದು ಹೊಸ ಬಗೆಯ ತುಕ್ಕನ್ನು ಹುಟ್ಟಿಸುತ್ತದೆ. ಆ ತುಕ್ಕಿಗೆ ಹೆಚ್ಚು ಜಾಗ ಬೇಕು. ಒಳಗಿನಿಂದಲೇ ತಳ್ಳಿ ಒಡೆಯುತ್ತದೆ. ನಾನು ಉತ್ಸಾಹದಿಂದ ಕಿತ್ತೆಸೆದ ಆ ತೊಗಟೆಯೇ ಅಷ್ಟು ಕಾಲ ಅದನ್ನು ಕಾಪಾಡಿತ್ತು.

ಎರಡನೆಯದು ಸಿಕ್ಕಾಗ ಫೋನಿನಲ್ಲೇ ಹೇಳಿದೆ: ಬಕೆಟಿನ ಸಮುದ್ರದ ನೀರಿನಲ್ಲೇ ಮುಳುಗಿಸಿ ತನ್ನಿ, ಒಣಗಲು ಬಿಡಬೇಡಿ. ತೊಗಟೆಯನ್ನು ಈ ಸಲ ಒದ್ದೆಯಾಗಿಯೇ, ದಿನಕ್ಕೆ ಚೂರು ಚೂರಾಗಿ ಬಿಡಿಸಿದೆ. ಹತ್ತು ಸೆಂಟಿಮೀಟರ್ ಅಡ್ಡಳತೆಯ ಎರಕದ ಗುಂಡು ಸುಮಾರು 3.7 ಕಿಲೋ ತೂಗಬೇಕು. ನನ್ನ ತಕ್ಕಡಿ ಎರಡೂವರೆ ಎಂದಿತು. ಮಿಕ್ಕದ್ದು ಕಡಲಿನ ಪಾಲು.

ಒಳಗಿನ ಉಪ್ಪನ್ನು ವಿದ್ಯುತ್ತಿನಿಂದ ಹೊರಸೆಳೆಯಲು, ಮುಚ್ಚಳವಿದ್ದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಲೀಟರಿಗೆ 20 ಗ್ರಾಂ ಕಾಸ್ಟಿಕ್ ಸೋಡಾ ಬೆರೆಸಿದೆ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಬೇಕೇಬೇಕು. ಗುಂಡಿಗೆ ವಿದ್ಯುತ್ತಿನ ಋಣ ತುದಿ, ಸುತ್ತಲಿನ ಸಾದಾ ಉಕ್ಕಿನ ಜಾಲರಿಗೆ ಧನ ತುದಿ. ಅಂಗಡಿಯವರು "ಸ್ಟೇನ್‌ಲೆಸ್ ಸ್ಟೀಲ್ ತೆಗೆದುಕೊಳ್ಳಿ ಸಾರ್, ಬಾಳಿಕೆ ಬರುತ್ತದೆ" ಎಂದು ಒತ್ತಾಯಿಸಿದರು. ಅದರಿಂದ ವಿಷಕಾರಿ ಕ್ರೋಮಿಯಂ ದ್ರಾವಣಕ್ಕೆ ಇಳಿಯಬಹುದು, ಬೇಡವೆಂದೆ. ವಿದ್ಯುತ್ತನ್ನು ತೀರಾ ಕಡಿಮೆ ಇಟ್ಟೆ. ಹೆಚ್ಚಿಸಿದರೆ ಹೈಡ್ರೋಜನ್ ಗುಳ್ಳೆಗಳು ಗ್ರಾಫೈಟ್ ಸಿಪ್ಪೆಯನ್ನೇ ಎಬ್ಬಿಸಿಬಿಡುತ್ತವೆ. ಕೋಣೆಯ ಕಿಟಕಿ ಸದಾ ತೆರೆದೇ ಇರಬೇಕು, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು.

ಉಪ್ಪು ಇನ್ನೂ ಬರುತ್ತಿದೆಯೇ ಎಂದು ನೋಡಲು ದ್ರಾವಣದ ಮಾದರಿಗೆ ಸಿಲ್ವರ್ ನೈಟ್ರೇಟ್ ಹನಿಸುತ್ತೇನೆ. ಮೊದಲು ನೈಟ್ರಿಕ್ ಆಮ್ಲ ಹಾಕಿ ಕ್ಷಾರ ಮುರಿಯುವುದನ್ನು ಮರೆತು, ಕಂದು ಬಣ್ಣ ನೋಡಿ ಒಂದು ಸಂಜೆಯೆಲ್ಲ ತಲೆ ಕೆಡಿಸಿಕೊಂಡದ್ದುಂಟು. ಆರಂಭದಲ್ಲಿ ಮಾದರಿ ಹಾಲಿನಂತೆ ಬೆಳ್ಳಗಾಗುತ್ತಿತ್ತು, ಆಮೇಲೆ ಗಂಜಿ ತಿಳಿಯಂತೆ. ತಿಳಿನೀರಾಗಲು ಹದಿನಾಲ್ಕು ತಿಂಗಳು ಹಿಡಿಯಿತು. ಇದು ದೀರ್ಘವೆನಿಸಿದರೆ ಅಮೆರಿಕದ ಮಾನಿಟರ್ ಯುದ್ಧನೌಕೆಯನ್ನು ನೋಡಿ: 2002ರಲ್ಲಿ ಮೇಲೆತ್ತಿದ ಅದರ ಫಿರಂಗಿ ಗೋಪುರ ಇಪ್ಪತ್ತು ವರ್ಷ ಕಳೆದ ಮೇಲೂ ತೊಟ್ಟಿಯಲ್ಲೇ ಇತ್ತು.

ಕೊನೆಗೆ ಶುದ್ಧ ನೀರಿನ ಸ್ನಾನ, ಮೇಲೆ ಟ್ಯಾನಿಕ್ ಆಮ್ಲದ ಲೇಪ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣದ ಉಪ್ಪು ಸೇರಿಸಿ ಮಸಿ ಮಾಡುತ್ತಿದ್ದವರಿಗೆ ಆ ನೀಲಿಗಪ್ಪು ಹೊಸದಲ್ಲ. ಆಮೇಲೆ ಬಿಸಿ ಮೇಣ.

ಈಗ ಗುಂಡು ಗಾಜಿನ ಪೆಟ್ಟಿಗೆಯಲ್ಲಿದೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಇದೆ. ನಮ್ಮ ಆಷಾಢದ ಗಾಳಿಗೆ ಆ ನೀಲಿ ಹರಳು ವಾರಕ್ಕೊಮ್ಮೆ ಗುಲಾಬಿಯಾಗುತ್ತದೆ. ಅದಕ್ಕೆಂದೇ ಮೀಸಲಿಟ್ಟ ಹಳೆಯ ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡಿ ಇಡುತ್ತೇನೆ.