ಲೈಸೆನ್ಸ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ: ಅಮೆರಿಕದಲ್ಲಿ ನ್ಯಾಚುರೋಪಥಿ, ಚೀನೀ ವೈದ್ಯ ಓದುವ ಬಗೆ

"ಯಾವ ಕಾಲೇಜು ಒಳ್ಳೇದು?" ಅಮೆರಿಕಕ್ಕೆ ಹೋಗಿ ನ್ಯಾಚುರೋಪಥಿ, ಚೀನೀ ವೈದ್ಯ ಓದಬೇಕು ಅನ್ನುವವರು ಮೊದಲು ಕೇಳುವ ಪ್ರಶ್ನೆ ಇದು. ಬಿಎನ್‌ವೈಎಸ್ (ನಮ್ಮಲ್ಲಿನ ಪ್ರಕೃತಿ ಚಿಕಿತ್ಸೆ, ಯೋಗದ ಪದವಿ) ಮುಗಿಸಿದವರೂ ಕೇಳುತ್ತಾರೆ, ಬಯೋಟೆಕ್ನಾಲಜಿ ಓದಿ ಬೇಸತ್ತವರೂ ಕೇಳುತ್ತಾರೆ. ಅದನ್ನು ಸ್ವಲ್ಪ ಆಮೇಲೆ ಕೇಳಿ. ಓದು ಮುಗಿದ ಮೇಲೆ ಯಾವ ಊರಿನಲ್ಲಿ ಬೋರ್ಡ್ ಹಾಕುತ್ತೀರಿ? ಮೊದಲು ಅದನ್ನು ಹೇಳಿ. ಕಾಲೇಜಿನ ಪಟ್ಟಿ ಅರ್ಧಕ್ಕರ್ಧ ಅಲ್ಲೇ ಇಳಿಯುತ್ತದೆ. ಹಾಗಾಗಿ ಇಲ್ಲಿ ಮೇಲಿನ ಮೆಟ್ಟಿಲಿನಿಂದ ಕೆಳಗೆ ಇಳಿಯೋಣ.

ಮೊದಲು ರಾಜ್ಯ ಆರಿಸಿ

ಅಮೆರಿಕದಲ್ಲಿ ಈ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಆರೆಗನ್ ರಾಜ್ಯ 1927ರಲ್ಲೇ ನ್ಯಾಚುರೋಪಥಿಗೆ ಕಾನೂನು ಮಾಡಿತು. ಅಲ್ಲಿ ಎನ್‌ಡಿ, ಅಂದರೆ ನ್ಯಾಚುರೋಪಥಿಕ್ ಡಾಕ್ಟರ್, ಹೆಚ್ಚುಕಡಿಮೆ ನಮ್ಮ ಫ್ಯಾಮಿಲಿ ಡಾಕ್ಟರ್ ಇದ್ದ ಹಾಗೆ. ರಕ್ತ ಪರೀಕ್ಷೆಗೆ ಬರೆಯುತ್ತಾರೆ, ಸಣ್ಣಪುಟ್ಟ ಗಾಯಕ್ಕೆ ಹೊಲಿಗೆ ಹಾಕುತ್ತಾರೆ, ಬಿಪಿ ಮಾತ್ರೆ, ಆಂಟಿಬಯಾಟಿಕ್ ಕೂಡ ಬರೆಯಬಹುದು. ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬಂದದ್ದು 2003ರಲ್ಲಿ. ಅಲ್ಲಿ ಎನ್‌ಡಿ ಕೈಗೆ ಅಷ್ಟು ಅಧಿಕಾರ ಕೊಟ್ಟಿಲ್ಲ. ಯೂಟಾದಲ್ಲಿ ಪದವಿ ಆದ ಮೇಲೂ ಒಂದು ವರ್ಷದ ರೆಸಿಡೆನ್ಸಿ, ಅಂದರೆ ಹಿರಿಯರ ಕೈಕೆಳಗಿನ ತರಬೇತಿ, ಕೇಳುತ್ತಾರೆ. ಟೆಕ್ಸಾಸ್‌ನಲ್ಲಿ ಎನ್‌ಡಿಗೆ ಲೈಸೆನ್ಸೇ ಇಲ್ಲ. "ಡಲ್ಲಾಸ್‌ನಲ್ಲಿ ಅಕ್ಕ ಇದ್ದಾಳೆ, ಅಲ್ಲೇ ಕ್ಲಿನಿಕ್ ತೆರೆದರಾಯ್ತು" ಅನ್ನುವ ಲೆಕ್ಕ ಇಲ್ಲಿ ಕೆಡುತ್ತದೆ.

ಚೀನೀ ವೈದ್ಯದ ಸೂಜಿ ಚಿಕಿತ್ಸೆ, ಅಂದರೆ ಅಕ್ಯುಪಂಕ್ಚರ್, ಅದರ ಕಥೆ ಬೇರೆ. ಅದಕ್ಕೆ ಬಹುಪಾಲು ಎಲ್ಲ ರಾಜ್ಯಗಳಲ್ಲೂ ಲೈಸೆನ್ಸ್ ಇದೆ, ಟೆಕ್ಸಾಸ್ ಸೇರಿ. ಕ್ಯಾಲಿಫೋರ್ನಿಯಾ ಮಾತ್ರ ತನ್ನದೇ ಪ್ರತ್ಯೇಕ ಪರೀಕ್ಷೆ ಇಟ್ಟುಕೊಂಡಿದೆ. ಎನ್‌ಡಿ, ಚೀನೀ ವೈದ್ಯ ಎರಡೂ ಪದವಿಯನ್ನು ಒಟ್ಟಿಗೆ ಮಾಡುವವರು ಇರುವುದಕ್ಕೆ ಇದೂ ಒಂದು ಕಾರಣ. ಒಂದು ಬಾಗಿಲು ಮುಚ್ಚಿದ್ದರೆ ಇನ್ನೊಂದು ತೆರೆದಿರುತ್ತದೆ.

ಊರಿಗೆ ವಾಪಸ್ ಬಂದು ಇಲ್ಲೇ ಕ್ಲಿನಿಕ್ ಇಡುವ ಆಸೆ ಇದ್ದರೆ ಸುಮ್ನೆ ಅಷ್ಟು ದೂರ ಹೋಗಬೇಡಿ. ಉಜಿರೆ, ಮೂಡುಬಿದಿರೆ, ಮೈಸೂರಿನಲ್ಲಿ ಬಿಎನ್‌ವೈಎಸ್ ಇದೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಮೆರಿಕದ ಎನ್‌ಡಿ ಪ್ರಮಾಣಪತ್ರ ತಂದು ತೋರಿಸಿದರೆ ಇಲ್ಲಿ ಅದು ಎಂಬಿಬಿಎಸ್‌ಗೆ ಸಮ ಆಗುವುದಿಲ್ಲ. ಇಲ್ಲಿಂದ ಹೋದವರಿಗೂ ಅಷ್ಟೇ. ಬಿಎನ್‌ವೈಎಸ್ ಹಿಡಿದುಕೊಂಡು ನೇರವಾಗಿ ಅಲ್ಲಿನ ಲೈಸೆನ್ಸ್ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಅಲ್ಲಿನ ಮಾನ್ಯತೆ ಪಡೆದ ಕಾಲೇಜಿನಲ್ಲೇ ಓದಿರಬೇಕು.

ಆಮೇಲೆ ಮುದ್ರೆ ನೋಡಿ

ಇಲ್ಲಿ ಎರಡು ಬೇರೆ ಬೇರೆ ಮುದ್ರೆ ಇವೆ. ಎನ್‌ಡಿ ಓದಿಗೆ ಮಾನ್ಯತೆ ಕೊಡುವುದು ಸಿಎನ್‌ಎಂಇ ಎಂಬ ಮಂಡಳಿ. ಚೀನೀ ವೈದ್ಯ ಮತ್ತು ಅಕ್ಯುಪಂಕ್ಚರ್ ಓದಿಗೆ ಎಸಿಎಎಚ್‌ಎಂ. ಒಂದೇ ಕಾಲೇಜು ಎರಡೂ ಕಲಿಸುತ್ತಿದ್ದರೆ ಎರಡಕ್ಕೂ ಬೇರೆಬೇರೆ ಮಾನ್ಯತೆ ಬೇಕು. ಸಿಎನ್‌ಎಂಇ ಪ್ರಕಾರ ಎನ್‌ಡಿ ಓದಿಗೆ ಕನಿಷ್ಠ 4,100 ಗಂಟೆ ಬೇಕು, ಅದರಲ್ಲಿ 1,200 ಗಂಟೆ ಕ್ಲಿನಿಕ್‌ನಲ್ಲೇ ಕಳೆಯಬೇಕು. ಮನೆಯಲ್ಲೇ ಕೂತು ಒಂದು ವರ್ಷದಲ್ಲಿ ನ್ಯಾಚುರೋಪಥಿ ಡಾಕ್ಟರ್ ಆಗಿ ಅನ್ನುವ ಜಾಹೀರಾತು ಕಂಡರೆ ಈ ಸಂಖ್ಯೆ ನೆನಪಿರಲಿ. ಅಂಥ ಕಾಗದವನ್ನು ಗೋಡೆಗೆ ಹಾಕಬಹುದು, ಲೈಸೆನ್ಸ್ ಕಚೇರಿಗೆ ಕೊಡಲಾಗದು.

ಎನ್‌ಡಿ ಮುದ್ರೆ ಇರುವ ಕಾಲೇಜುಗಳು ಇಡೀ ಉತ್ತರ ಅಮೆರಿಕದಲ್ಲಿ ಬೆರಳೆಣಿಕೆಯಷ್ಟು. ಎಲ್ಲಕ್ಕಿಂತ ಹಳೆಯದು ಆರೆಗನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ 1956ರಲ್ಲಿ ಶುರುವಾದದ್ದು. ಅದರ ಈಗಿನ ಹೆಸರು ನ್ಯಾಷನಲ್ ಯೂನಿವರ್ಸಿಟಿ ಆಫ್ ನ್ಯಾಚುರಲ್ ಮೆಡಿಸಿನ್. ಎನ್‌ಡಿ ಜೊತೆಗೆ ಶಾಸ್ತ್ರೀಯ ಚೀನೀ ವೈದ್ಯದ ವಿಭಾಗ ಕಟ್ಟಿ ಹೆಸರಾದ ಜಾಗ ಅದು. ವಾಷಿಂಗ್ಟನ್ ರಾಜ್ಯದ ಬ್ಯಾಸ್ಟಿರ್ ಶುರುವಾದದ್ದು 1978ರಲ್ಲಿ.

ಮುದ್ರೆ ಇದ್ದರೆ ಸಾಲದು, ಕಾಲೇಜಿನ ಜೇಬೂ ನೋಡಬೇಕು. ಇವೆಲ್ಲ ಚಿಕ್ಕ ಸಂಸ್ಥೆಗಳು, ವಿದ್ಯಾರ್ಥಿಗಳ ಫೀಸಿನ ಮೇಲೆ ನಡೆಯುವಂಥವು. ಪೋರ್ಟ್‌ಲ್ಯಾಂಡ್‌ನಲ್ಲೇ 1983ರಿಂದ ನಡೆಯುತ್ತಿದ್ದ ಆರೆಗನ್ ಕಾಲೇಜ್ ಆಫ್ ಓರಿಯೆಂಟಲ್ ಮೆಡಿಸಿನ್ 2024ರಲ್ಲಿ ಬಾಗಿಲು ಹಾಕಿತು. ನೀವು ನಾಲ್ಕರಿಂದ ಆರು ವರ್ಷದ ಓದಿಗೆ ಹೋಗುವವರು. "ಕಾಲೇಜು ಮುಚ್ಚಿದರೆ ನಮ್ಮ ಓದು ಎಲ್ಲಿ ಮುಗಿಸಲು ವ್ಯವಸ್ಥೆ ಮಾಡುತ್ತೀರಿ?" ಎಂದು ಅಡ್ಮಿಷನ್ ಆಫೀಸಿಗೆ ಸಂಕೋಚ ಇಲ್ಲದೆ ಇಮೇಲ್ ಹಾಕಿ. ಮಾನ್ಯತೆ ಮಂಡಳಿಯ ಪಟ್ಟಿಯಲ್ಲಿ ಕಾಲೇಜಿನ ಹೆಸರಿನ ಪಕ್ಕ ಏನಾದರೂ ಎಚ್ಚರಿಕೆ ಇದೆಯಾ ಅಂತ ಅರ್ಜಿ ಹಾಕುವ ವಾರವೇ ನೋಡಿ. ಹೋದ ವರ್ಷ ನೋಡಿದ್ದು ಲೆಕ್ಕಕ್ಕಿಲ್ಲ.

ಶಾಸ್ತ್ರೀಯ ಅಂದರೆ ಏನು?

ಇದನ್ನು ತಿಳಿಯದೆ ಸೇರಿ ಆಮೇಲೆ ಬೇಜಾರು ಮಾಡಿಕೊಳ್ಳುವವರು ಜಾಸ್ತಿ. ಕಾಲೇಜು ಪುಸ್ತಿಕೆಗಳಲ್ಲಿ ಒಂದು ಕಡೆ ಟ್ರೆಡಿಷನಲ್ ಚೈನೀಸ್ ಮೆಡಿಸಿನ್ ಅಂತ ಇರುತ್ತದೆ, ಇನ್ನೊಂದು ಕಡೆ ಕ್ಲಾಸಿಕಲ್ ಅಂತ. ಎರಡೂ ಒಂದೇ ಅಲ್ವಾ ಅನ್ನಿಸುತ್ತದೆ. ಅಲ್ಲ. ಟ್ರೆಡಿಷನಲ್ ಎಂಬುದು ಕೇಳಲು ಹಳೆಯದು, ಆದರೆ ಆ ಪಠ್ಯಕ್ರಮ 1950ರ ದಶಕದ್ದು. ಚೀನಾ ಸರ್ಕಾರ 1956ರಲ್ಲಿ ಬೀಜಿಂಗ್, ಶಾಂಘೈ, ಗ್ವಾಂಗ್‌ಜೋ, ಚೆಂಗ್ಡುಗಳಲ್ಲಿ ನಾಲ್ಕು ಕಾಲೇಜು ತೆರೆಯಿತು. ನೂರಾರು ಮನೆತನಗಳ ವೈದ್ಯವನ್ನು ಸೋಸಿ, ಒಂದೇ ಅಚ್ಚಿಗೆ ಹಾಕಿ ಪಠ್ಯಪುಸ್ತಕ ಮಾಡಿದ್ದು ಅಲ್ಲಿಂದ ಮುಂದೆ. (ಪೋರ್ಟ್‌ಲ್ಯಾಂಡ್ ಕಾಲೇಜು ಹುಟ್ಟಿದ್ದೂ ಅದೇ ವರ್ಷ. ನಮ್ಮ ರಾಜ್ಯ ಒಂದಾದದ್ದೂ ಅದೇ ವರ್ಷ. ಸುಮ್ನೆ ಹೇಳಿದೆ.) ಶಾಸ್ತ್ರೀಯ ಪಂಥದವರು ಆ ಪಠ್ಯಪುಸ್ತಕ ದಾಟಿ ಹಿಂದಿನ ಮೂಲ ಗ್ರಂಥಗಳಿಗೆ ಹೋಗುತ್ತಾರೆ.

ಒಂದು ಉದಾಹರಣೆ. ಸುಮಾರು 1800 ವರ್ಷದ ಹಿಂದೆ, ಹಾನ್ ರಾಜವಂಶದ ಕೊನೆಗಾಲದಲ್ಲಿ, ಜಾಂಗ್ ಜೊಂಗ್‌ಜಿಂಗ್ ಎಂಬ ವೈದ್ಯ ಜ್ವರಗಳ ಬಗ್ಗೆ ಶಾಂಗ್‌ಹಾನ್ ಲುನ್ ಎಂಬ ಗ್ರಂಥ ಬರೆದ. ಅದರಲ್ಲಿ ಮೊದಲು ಬರುವ ಕಷಾಯ ಗ್ವೇಜಿ ತಾಂಗ್. ಸಾಮಾನು ಐದೇ: ದಾಲ್ಚಿನ್ನಿ ಜಾತಿಯ ಮರದ ಎಳೆ ರೆಂಬೆ, ಪಿಯೋನಿ ಗಿಡದ ಬೇರು, ಜ್ಯೇಷ್ಠಮಧು, ಹಸಿ ಶುಂಠಿ, ನಮ್ಮ ಬೋರೆಹಣ್ಣಿನ ಸೋದರನಾದ ಚೀನಾ ಬೋರೆ. ಚಳಿ ಹಿಡಿದು, ಮೈ ಬಿಸಿಯಾಗಿ, ತಾನಾಗೇ ಬೆವರುತ್ತಿರುವವರಿಗೆ ಇದು. ಕುಡಿದ ಮೇಲೆ ಏನು ಮಾಡಬೇಕು ಅಂತಲೂ ಬರೆದಿದ್ದಾನೆ. ಸ್ವಲ್ಪ ಹೊತ್ತು ಬಿಟ್ಟು ಬಿಸಿ ತೆಳು ಗಂಜಿ ಕುಡಿಯಬೇಕು. ಹೊದ್ದು ಮಲಗಬೇಕು. ಮೈ ತೇವ ಆಗುವಷ್ಟು ಬೆವರು ಬಂದರೆ ಸಾಕು, ನೀರಿನ ಹಾಗೆ ಹರಿಯಬಾರದು. ಒಂದೇ ಸಲಕ್ಕೆ ಗುಣವಾದರೆ ಉಳಿದ ಕಷಾಯ ಮುಟ್ಟಬೇಡಿ. ತಣ್ಣನೆಯದು, ಮಾಂಸ, ಹೆಂಡ ಬೇಡ. ಕಷಾಯ, ಗಂಜಿ, ಕಂಬಳಿ, ಪಥ್ಯ. ನಮ್ಮ ಮನೆಯ ಹಿರಿಯರಿಗೆ ಇದನ್ನು ವಿವರಿಸುವ ಕಷ್ಟವೇ ಇಲ್ಲ.

ತಾನಾಗೇ ಬೆವರದ ರೋಗಿಗೆ ಈ ಕಷಾಯ ಅಲ್ಲ, ಬೇರೆ. ಅದರ ಮುಖ್ಯ ಸಾಮಾನು ಮಾ ಹುವಾಂಗ್, ಅಂದರೆ ಎಫೆಡ್ರಾ ಗಿಡ. ಹೃದಯದ ಬಡಿತ, ಬಿಪಿ ಏರಿಸುವ ಗಿಡ ಅದು. ಎಫೆಡ್ರಾದ ಆಲ್ಕಲಾಯ್ಡ್ ಇರುವ ಆಹಾರ ಪೂರಕಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ಬೆವರು ಇದೆಯೋ ಇಲ್ಲವೋ ಎಂಬ ಒಂದೇ ಲಕ್ಷಣದ ಮೇಲೆ ಔಷಧಿ ಬದಲಾಗುತ್ತದೆ. ಇಂಥ ಸೂಕ್ಷ್ಮವನ್ನು ಮೂಲ ವಾಕ್ಯ ಹಿಡಿದು ತಿಂಗಳುಗಟ್ಟಲೆ ಓದುವುದೇ ಶಾಸ್ತ್ರೀಯ ತರಗತಿ. ಅದು ಇಷ್ಟವಾಗದಿದ್ದರೆ, ಸೂಜಿ ಹಾಕುವುದು ಬೇಗ ಕಲಿತರೆ ಸಾಕು ಅನ್ನಿಸಿದರೆ, ಟ್ರೆಡಿಷನಲ್ ಕಡೆಗೇ ಹೋಗಿ. ತಪ್ಪೇನಿಲ್ಲ.

ತರಗತಿಯಲ್ಲಿ

ಎನ್‌ಡಿ ನಾಲ್ಕು ವರ್ಷ. ಮೊದಲ ಎರಡು ವರ್ಷ ಅಂಗರಚನೆ, ಜೀವರಸಾಯನ, ರೋಗಶಾಸ್ತ್ರ, ಎಲ್ಲ ಮೆಡಿಕಲ್ ಕಾಲೇಜಿನ ಥರವೇ. ಅದು ಮುಗಿದ ಮೇಲೆ ಲೈಸೆನ್ಸ್‌ಗೆ ಬೇಕಾದ ಎನ್‌ಪ್ಲೆಕ್ಸ್ ಪರೀಕ್ಷೆಯ ಮೊದಲ ಭಾಗ. ಪದವಿ ಮುಗಿದ ಮೇಲೆ ಎರಡನೇ ಭಾಗ. ವರ್ಷಕ್ಕೆ ಎರಡೇ ಸಲ, ಫೆಬ್ರವರಿ ಮತ್ತು ಆಗಸ್ಟ್. ಚೀನೀ ವೈದ್ಯವನ್ನೂ ಜೊತೆಗೆ ಸೇರಿಸಿಕೊಂಡರೆ ಒಟ್ಟು ಐದಾರು ವರ್ಷ ಹಿಡಿಯಿರಿ.

ಆಯುರ್ವೇದದ ಗಾಳಿ ಸೋಕಿದವರಿಗೆ ಕೆಲವು ವಿಷಯ ಬೇಗ ಹತ್ತುತ್ತವೆ. ಮಣಿಕಟ್ಟಿನಲ್ಲಿ ಮೂರು ಬೆರಳಿಟ್ಟು ನಾಡಿ ನೋಡುವುದು ಅಲ್ಲೂ ಇದೆ. ಸೂಜಿಯ ಜಾಗ ಹುಡುಕಲು ರೋಗಿಯ ಬೆರಳೇ ಅಳತೆಗೋಲು, ನಮ್ಮ ಅಂಗುಲದ ಹಾಗೆ. ಆದರೆ ಹೋಲಿಕೆ ಕಂಡ ಕೂಡಲೇ ಎರಡೂ ಒಂದೇ ಅಂದುಕೊಳ್ಳುವುದು ದೊಡ್ಡ ಅಪಾಯ. ಅವರ ಐದು ತತ್ವಗಳಲ್ಲಿ ಮರ ಇದೆ, ಲೋಹ ಇದೆ. ಗಾಳಿಯೂ ಇಲ್ಲ, ಆಕಾಶವೂ ಇಲ್ಲ. ಪಂಚಭೂತದ ತಿಳಿವಳಿಕೆಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿ.

ಇನ್ನೊಂದು ಮಾತು. ಹಳೆಯ ಸೊಂಟನೋವು, ಕೀಮೋ ಆದ ಮೇಲಿನ ವಾಕರಿಕೆಯಂಥವಕ್ಕೆ ಸೂಜಿ ಚಿಕಿತ್ಸೆಯಿಂದ ಉಪಯೋಗ ಇದೆ ಎನ್ನಲು ಒಂದಷ್ಟು ಆಧಾರ ಇದೆ. ಎಲ್ಲ ಕಾಯಿಲೆಗೂ ಇಲ್ಲ. ಎನ್‌ಡಿ ಪಠ್ಯದಲ್ಲಿ ಹೋಮಿಯೋಪಥಿಯೂ ಬರುತ್ತದೆ, ಅದರ ಆಧಾರ ಇನ್ನೂ ತೆಳು. ಅರಿಸ್ಟೊಲೋಕಿಯಾ ಎಂಬ ಗಿಡ ಬೆರೆತ ಚೀನೀ ಮೂಲಿಕೆ ತಿಂದು 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ಹಲವರ ಮೂತ್ರಪಿಂಡ ಹಾಳಾದವು. ಇಂಥ ಪ್ರಶ್ನೆ ಕೇಳಿದರೆ ಸಿಡುಕುವ ಮೇಷ್ಟ್ರು ಇರುವ ಕಾಲೇಜು ಬೇಡ ಅಂತ ನನ್ನ ಅಭಿಪ್ರಾಯ.

ದುಡ್ಡು, ವೀಸಾ

ಎನ್‌ಡಿಗೆ ವರ್ಷದ ಫೀಸೇ 30 ಸಾವಿರ ಡಾಲರ್ ದಾಟುತ್ತದೆ. ಬಾಡಿಗೆ, ಊಟ, ಇನ್ಶೂರೆನ್ಸ್ ಬೇರೆ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಅಲ್ಲಿನ ಸರ್ಕಾರಿ ಸಾಲ ಸಿಗದು. ಅಲ್ಲೇ ಹುಟ್ಟಿದ ನಮ್ಮವರ ಮಕ್ಕಳಿಗೂ ಸಾಲದ ದಾರಿ ಕಿರಿದಾಗಿದೆ. 2025ರ ಕಾನೂನಿನ ಪ್ರಕಾರ 2026ರ ಜುಲೈನಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ ಎಂಬ ಸರ್ಕಾರಿ ಸಾಲ ಇಲ್ಲ.

ಓದು ಮುಗಿದ ಮೇಲೆ ಎಫ್-1ನವರಿಗೆ ಕೆಲಸ ಮಾಡಲು ಸಿಗುವುದು 12 ತಿಂಗಳು. ಎಂಜಿನಿಯರುಗಳಿಗೆ ಸಿಗುವ ಎರಡು ವರ್ಷದ ಹೆಚ್ಚುವರಿಯನ್ನು ನೆಚ್ಚಿಕೊಳ್ಳಬೇಡಿ. ಆ 12 ತಿಂಗಳಲ್ಲೇ ಪರೀಕ್ಷೆ, ಫಲಿತಾಂಶ, ಲೈಸೆನ್ಸ್ ಕಾಗದ ಎಲ್ಲ ಆಗಬೇಕು. ಈ ಕ್ಷೇತ್ರದ ಕ್ಲಿನಿಕ್‌ಗಳು ಹೆಚ್ಚಾಗಿ ಒಬ್ಬಿಬ್ಬರು ನಡೆಸುವಂಥವು, ಅವರು ನಿಮ್ಮ ಎಚ್-1ಬಿ ವೀಸಾಗೆ ಓಡಾಡುವುದು ಅಪರೂಪ. ಹಾಗಾಗಿ ಸಾಲ ಮಾಡಿ ಒಬ್ಬರೇ ಹೋಗುವವರು ಎರಡು ಸಲ ಯೋಚಿಸಿ. ಗ್ರೀನ್ ಕಾರ್ಡ್ ಇರುವವರ ಲೆಕ್ಕವೇ ಬೇರೆ.

ಅರ್ಜಿ

ಇದು ಎಲ್ಲಕ್ಕಿಂತ ಸುಲಭ. ಒಂದು ಪದವಿ ಇರಬೇಕು. ಎನ್‌ಡಿಗೆ ಜೀವಶಾಸ್ತ್ರ, ಸಾವಯವ ಸೇರಿ ರಸಾಯನಶಾಸ್ತ್ರ, ಮನಃಶಾಸ್ತ್ರದಂಥ ವಿಷಯ ಓದಿರಬೇಕು. ಅಲ್ಲಿನ ಮೆಡಿಕಲ್ ಕಾಲೇಜುಗಳ ಪ್ರವೇಶ ಪರೀಕ್ಷೆ ಎಂಕ್ಯಾಟ್ ಸಾಮಾನ್ಯವಾಗಿ ಕೇಳುವುದಿಲ್ಲ. ಇಂಗ್ಲಿಷಿಗೆ ಟೋಫೆಲ್ ಅಥವಾ ಐಇಎಲ್‌ಟಿಎಸ್. ಅಂಕಪಟ್ಟಿಯನ್ನು ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ವಿಶ್ವವಿದ್ಯಾಲಯದಿಂದ ಮುಚ್ಚಿದ ಲಕೋಟೆ ಹೊರಡಿಸುವುದಕ್ಕೇ ಕೆಲವು ಸಲ ತಿಂಗಳು ಹಿಡಿಯುತ್ತದೆ, ಆದ್ದರಿಂದ ಅದನ್ನೇ ಮೊದಲು ಶುರು ಮಾಡಿ.

ಬಿಎನ್‌ವೈಎಸ್ ಅಥವಾ ಬಿಎಎಂಎಸ್ ಓದಿದವರು ಕೆಲವು ವಿಷಯಗಳಿಗೆ ವಿನಾಯಿತಿ ಕೇಳಿ ನೋಡಬಹುದು. ಕೊಡುವುದು ಬಿಡುವುದು ಆ ಕಾಲೇಜಿನ ಇಷ್ಟ. ಅಂಗರಚನೆ ಓದಿದ್ದೇನೆ ಅಂದರೆ ಅವರು ಎಷ್ಟು ಗಂಟೆ, ಏನೇನು ಪಾಠ ಅಂತ ಕೇಳುತ್ತಾರೆ. ನಿಮ್ಮ ಕಾಲದ ಸಿಲಬಸ್ ಪುಸ್ತಕದ ಪ್ರತಿಯ ಪ್ರತಿ ಪುಟಕ್ಕೂ ಪ್ರಾಂಶುಪಾಲರ ಸಹಿ, ಸೀಲ್ ಹಾಕಿಸಿ ಈಗಲೇ ತೆಗೆದಿಟ್ಟುಕೊಳ್ಳಿ. ಎರಡು ಸೆಟ್ ಮಾಡಿಸಿ.