ಒಂದೇ ಲಾರಿಯ ಮಾಲೀಕರು ರಜೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಹೇಗೆ?

ಸ್ವಂತ ಲಾರಿ ಇಟ್ಟುಕೊಂಡು ತಾವೇ ಸ್ಟೇರಿಂಗ್ ಹಿಡಿಯುವವರನ್ನು ವರ್ಷಕ್ಕೆ ಎಷ್ಟು ದಿನ ರಜೆ ಎಂದು ಕೇಳಿದರೆ, ಹಲವರು ಆಯುಧಪೂಜೆಯ ಒಂದು ದಿನವನ್ನು ಹೇಳಿ, ಆಮೇಲೆ ಗ್ಯಾರೇಜಿನಲ್ಲಿ ಕಳೆದ ದಿನಗಳನ್ನು ಎಣಿಸತೊಡಗುತ್ತಾರೆ. ಐದು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಾರಿಗೆ ಸಂಸ್ಥೆಗಳಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ, ಸತತ 5 ಗಂಟೆ ಕೆಲಸ ಮಾಡಿದ ಮೇಲೆ ಅರ್ಧ ಗಂಟೆ ಬಿಡುವು, ವಾರಕ್ಕೊಂದು ರಜೆ ಎಂದು 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯೇ ನಿಗದಿ ಮಾಡಿತು. ಆದರೆ ಮಾಲೀಕನೂ ಚಾಲಕನೂ ಒಬ್ಬನೇ ಆದ ಕಡೆ ರಜೆ ಕೊಡುವವರೂ ಇಲ್ಲ, ಕೇಳುವವರೂ ಇಲ್ಲ. ಹೀಗಾಗಿ ಡೀಸೆಲ್, ಟೈರು, ಕಂತುಗಳ ಸಾಲಿನಲ್ಲಿ ರಜೆಯನ್ನೂ ಒಂದು ಖರ್ಚಾಗಿ ಬರೆದುಕೊಂಡರೆ ಮಾತ್ರ ಅದು ಸಿಗುತ್ತದೆ. ಹಾಗೆ ಬರೆದುಕೊಳ್ಳುವುದು ಹೇಗೆಂಬುದನ್ನು ಗಂಗಾವತಿಯಿಂದ ಮಂಗಳೂರಿಗೆ ಅಕ್ಕಿ ಸಾಗಿಸುವ ಹತ್ತು ಚಕ್ರದ ಲಾರಿಯೊಂದನ್ನು ಮುಂದಿಟ್ಟುಕೊಂಡು ನೋಡೋಣ.

ಮೊದಲು ಲಾರಿ ನಿಂತಾಗಲೂ ಆಗುವ ಖರ್ಚು

ಡೀಸೆಲ್, ಟೋಲ್, ಟೈರಿನ ಸವೆತ, ಆಯಿಲ್ ಇವೆಲ್ಲ ಲಾರಿ ಓಡಿದರೆ ಮಾತ್ರ ಆಗುವ ಖರ್ಚುಗಳು. ಇವನ್ನು ಒಂದು ಪುಟದಲ್ಲಿ ಬರೆದು ಸದ್ಯಕ್ಕೆ ಬದಿಗಿಡಬೇಕು. ಇನ್ನೊಂದು ಪುಟದಲ್ಲಿ ಲಾರಿ ಓಡಲಿ ಬಿಡಲಿ ಕೊಡಲೇಬೇಕಾದ ಹಣವನ್ನು ಬರೆಯಬೇಕು. ಸಾಲದ ಕಂತು ತಿಂಗಳಿಗೆ 55,000 ರೂಪಾಯಿ ಎಂದು ಇಟ್ಟುಕೊಂಡರೆ ವರ್ಷಕ್ಕೆ 6,60,000 ಆಯಿತು. ವಿಮೆಗೆ 75,000 ಎನ್ನೋಣ. ಇದರಲ್ಲಿ ಮೂರನೇ ವ್ಯಕ್ತಿಯ ವಿಮೆಯನ್ನು ಕಡಿಮೆ ಮಾಡಿಕೊಳ್ಳಲು ಬರುವುದಿಲ್ಲ, ಏಕೆಂದರೆ 20ರಿಂದ 40 ಟನ್ ಒಟ್ಟು ತೂಕದ (ಲಾರಿ, ಸರಕು ಎರಡೂ ಸೇರಿ) ಸರಕು ವಾಹನಕ್ಕೆ 2022ರ ಜೂನ್‌ನಲ್ಲಿ ಸರ್ಕಾರವೇ 43,950 ರೂಪಾಯಿ ಎಂದು ದರ ಕಟ್ಟಿತು. ನ್ಯಾಷನಲ್ ಪರ್ಮಿಟ್‌ನ ವಾರ್ಷಿಕ ಶುಲ್ಕ 16,500 ರೂಪಾಯಿಯನ್ನೂ ಮೂರು ತಿಂಗಳಿಗೊಮ್ಮೆ ಕಟ್ಟುವ ತೆರಿಗೆಯನ್ನೂ ಸೇರಿಸಿ 50,000, ಎಫ್‌ಸಿ (ವಾಹನದ ಸುಸ್ಥಿತಿ ಪ್ರಮಾಣಪತ್ರ) ಮತ್ತಿತರ ಕಾಗದಪತ್ರಗಳಿಗೆ 15,000, ಲಾರಿ ನಿಲ್ಲಿಸುವ ಜಾಗ, ಲೆಕ್ಕ ಬರೆಸುವುದು, ಫೋನು ಇತ್ಯಾದಿಗೆ 40,000 ಎಂದು ಹಿಡಿಯೋಣ. ಕೊನೆಯದು ಅನೇಕರು ಬರೆಯಲು ಮರೆಯುವ ಮನೆಖರ್ಚು. ತಿಂಗಳಿಗೆ 30,000ದಂತೆ ವರ್ಷಕ್ಕೆ 3,60,000. ಎಲ್ಲ ಕೂಡಿದರೆ 12 ಲಕ್ಷ ರೂಪಾಯಿ. ನಿಮ್ಮ ಲಾರಿಯ ಅಂಕಿಗಳು ಬೇರೆಯೇ ಇರುತ್ತವೆ, ಲೆಕ್ಕದ ದಾರಿ ಮಾತ್ರ ಇದೇ.

ಮನೆಖರ್ಚನ್ನು ಲಾರಿಯ ಲೆಕ್ಕದಲ್ಲಿ ಬರೆಯುವುದು ಸರಿಯಲ್ಲ, ಲಾಭ ಬಂದರೆ ಮನೆಗೆ ಒಯ್ದರಾಯಿತು ಎಂದು ವಾದಿಸುವವರಿದ್ದಾರೆ. ಆದರೆ ಬೇರೊಬ್ಬ ಚಾಲಕನನ್ನು ಇಟ್ಟುಕೊಂಡರೆ ಅವನಿಗೆ ಸಂಬಳ ಕೊಡಲೇಬೇಕಲ್ಲವೇ? ಸ್ಟೇರಿಂಗ್ ಹಿಡಿದವನು ಮಾಲೀಕನೇ ಆದ ಮಾತ್ರಕ್ಕೆ ಆ ಖರ್ಚು ಮಾಯವಾಗುವುದಿಲ್ಲ.

ದಿನಗಳನ್ನು ಎಣಿಸುವುದು

ಇನ್ನು ಕ್ಯಾಲೆಂಡರ್. 365 ದಿನಗಳಲ್ಲಿ ವಾರಕ್ಕೊಂದರಂತೆ 52 ದಿನ ವಿಶ್ರಾಂತಿ, ಒಟ್ಟಾಗಿಯೋ ಎರಡು ಕಂತಿನಲ್ಲಿಯೋ ತೆಗೆದುಕೊಳ್ಳುವ 21 ದಿನಗಳ ರಜೆ, ಎಫ್‌ಸಿ ಮತ್ತು ರಿಪೇರಿಗೆ 20 ದಿನ, ಲೋಡಿಗಾಗಿ ಅಥವಾ ಅನ್‌ಲೋಡಿಗಾಗಿ ಕಾಯುತ್ತ ಹಾಳಾಗುವ 32 ದಿನ ಕಳೆದರೆ ಓಡುವ ದಿನ 240 ಉಳಿಯುತ್ತವೆ. 12 ಲಕ್ಷವನ್ನು 240ರಿಂದ ಭಾಗಿಸಿದರೆ ಓಡುವ ಪ್ರತಿ ದಿನವೂ, ಡೀಸೆಲ್ ಮತ್ತು ಟೋಲ್ ಕಳೆದ ಮೇಲೆ, 5,000 ರೂಪಾಯಿ ಉಳಿಯಬೇಕು ಎಂದಾಗುತ್ತದೆ. ರಜೆಯೂ ಬೇಡ, ವಾರದ ವಿಶ್ರಾಂತಿಯೂ ಬೇಡ ಎಂದು 313 ದಿನ ಓಡಿಸಿದರೆ ದಿನಕ್ಕೆ 3,834 ರೂಪಾಯಿ ಉಳಿದರೂ ಸಾಕು. ಈ ಎರಡರ ನಡುವಿನ 1,166 ರೂಪಾಯಿಯೇ ರಜೆಯ ನಿಜವಾದ ಬೆಲೆ. ಲೋಡಿಂಗ್ ಸೇರಿ ನಾಲ್ಕು ದಿನ ಹಿಡಿಯುವ ಮಂಗಳೂರು ಟ್ರಿಪ್ಪಿಗೆ ಅದು 4,664 ರೂಪಾಯಿ ಆಗುತ್ತದೆ. 18 ಟನ್ ಸರಕಿನ ಮೇಲೆ ಹಂಚಿದರೆ ಟನ್ನಿಗೆ ಸುಮಾರು 260.

ಆ ಹಣ ಎಲ್ಲಿಂದ ಬರಬೇಕು?

ನನಗೆ ರಜೆ ಬೇಕು, ಟನ್ನಿಗೆ 260 ರೂಪಾಯಿ ಹೆಚ್ಚು ಕೊಡಿ ಎಂದರೆ ಟ್ರಾನ್ಸ್‌ಪೋರ್ಟ್ ಕಚೇರಿಯವರು ನಕ್ಕು ಮುಂದಿನ ಲಾರಿಯನ್ನು ಕರೆಯುತ್ತಾರೆ. ಬಾಡಿಗೆಯನ್ನು ಒಂದೇ ಲಾರಿಯ ಮಾಲೀಕ ನಿರ್ಧರಿಸಲಾರ. ಆದ್ದರಿಂದ ರಜೆಯ ಹಣವನ್ನು ಸೋರುವ ಕಡೆಗಳಲ್ಲಿ ಹುಡುಕಬೇಕಾಗುತ್ತದೆ.

ಮೊದಲನೆಯ ಸೋರಿಕೆ ಡೀಸೆಲ್ಲಿನದು. ಹೋಗಿಬರುವ ದಾರಿ 1,000 ಕಿಲೋಮೀಟರ್ ಎಂದಿಟ್ಟುಕೊಂಡರೆ, ಲೀಟರಿಗೆ 3.7 ಕಿ.ಮೀ. ಕೊಡುವ ಲಾರಿ 270 ಲೀಟರ್ ಕುಡಿಯುತ್ತದೆ, 4 ಕಿ.ಮೀ. ಕೊಡುವ ಲಾರಿ 250 ಲೀಟರ್. ಲೀಟರಿಗೆ 90 ರೂಪಾಯಿ ಎಂದು ಹಿಡಿದರೂ ಈ ಅಂತರ 1,800 ರೂಪಾಯಿ, ಅಂದರೆ ರಜೆಯ ಬೆಲೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಟೈರಿನ ಗಾಳಿಯನ್ನು ಪ್ರತಿ ಟ್ರಿಪ್ಪಿಗೂ ಅಳೆಸುವುದು, ಏರ್ ಫಿಲ್ಟರ್ ಸ್ವಚ್ಛವಾಗಿರಿಸುವುದು, ಸಮತಟ್ಟಾದ ಹೆದ್ದಾರಿಯಲ್ಲಿಯೂ 60ರ ಆಸುಪಾಸಿನಲ್ಲಿ ನಿಧಾನವಾಗಿ ಹೋಗುವುದು, ಊಟಕ್ಕೆ ನಿಂತಾಗ ಎಂಜಿನ್ ಆರಿಸುವುದು ಇವೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿಗಳೇ. ನಿದ್ದೆಗೆಟ್ಟು, ಹೊತ್ತಾಯಿತೆಂದು ಧಾವಿಸುವವನಿಗೆ ಮಾತ್ರ ಅವು ಆಗುವುದಿಲ್ಲ.

ಎರಡನೆಯದು ಖಾಲಿ ಬರುವ ದಾರಿ. ಮಂಗಳೂರಿನಲ್ಲಿ ಅಕ್ಕಿ ಇಳಿಸಿದ ಮೇಲೆ ನವಮಂಗಳೂರು ಬಂದರಿನಿಂದ ಗೊಬ್ಬರವೋ ಕಲ್ಲಿದ್ದಲೋ ಸಿಗುವ ಸಾಧ್ಯತೆಯಿದೆ, ಆದರೆ ಇಳಿಸಿದ ನಂತರ ಹುಡುಕಲು ಹೊರಟರೆ ಎರಡು ದಿನ ಕಾಯಬೇಕಾದೀತು. ಗಂಗಾವತಿಯಲ್ಲಿ ತಾಡಪಾಲು ಕಟ್ಟುವ ಹೊತ್ತಿಗೇ ಮಂಗಳೂರಿನ ಇಬ್ಬರು ಮೂವರು ಏಜೆಂಟರಿಗೆ ಫೋನು ಮಾಡಿ ತಲುಪುವ ದಿನ ಹೇಳಿಡಬೇಕು. ಮೂರನೆಯದು ಗೋದಾಮಿನ ಮುಂದೆ ಕಾಯುವ ದಿನಗಳದು. ಇಂತಿಷ್ಟು ಗಂಟೆಗಳ ನಂತರ ದಿನಕ್ಕೆ ಇಷ್ಟು ಹಾಲ್ಟಿಂಗ್ (ಕಾದದ್ದಕ್ಕೆ ಕೊಡುವ ಹಣ) ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಎಲ್‌ಆರ್ (ಸರಕು ಸಾಗಣೆಯ ರಸೀದಿ) ಮೇಲೆಯೇ ಬರೆಸಬೇಕು. ಲಾರಿ ಒಳಗೆ ಬಂದ ವೇಳೆಯನ್ನು ಗೇಟಿನ ರಿಜಿಸ್ಟರಿನ ಫೋಟೋ ಸಮೇತ ಇಟ್ಟುಕೊಳ್ಳಬೇಕು. ಪೂರ್ತಿ ಸಿಗದಿದ್ದರೂ ಅರ್ಧವಾದರೂ ಸಿಕ್ಕೀತು.

ಓವರ್‌ಲೋಡ್ ಮಾಡಿ ರಜೆಯ ಹಣ ಹೊಂದಿಸುತ್ತೇನೆ ಎನ್ನುವವರಿಗೆ ಒಂದು ಸಣ್ಣ ಲೆಕ್ಕ ಹೇಳಬೇಕು. 2018ರಲ್ಲಿ ಕೇಂದ್ರ ಸರ್ಕಾರ ಮೂರು ಆಕ್ಸಲ್ಲಿನ, ಅಂದರೆ ಹತ್ತು ಚಕ್ರದ, ಲಾರಿಯ ಒಟ್ಟು ತೂಕದ ಮಿತಿಯನ್ನು 25ರಿಂದ 28.5 ಟನ್ನಿಗೆ ಏರಿಸಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಮಿತಿ ಮೀರಿದ ತೂಕಕ್ಕೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ ಹೇಳುತ್ತದೆ. ಮೂರು ಟನ್ ಹೆಚ್ಚಿದ್ದರೆ 26,000. ಜೊತೆಗೆ ಹೆಚ್ಚಿನ ಸರಕನ್ನು ಅಲ್ಲೇ ಇಳಿಸುವ ಹಮಾಲಿ ಬೇರೆ. ಒಂದು ದಂಡ ಬಿದ್ದರೆ ಐದು ಟ್ರಿಪ್ಪಿನಲ್ಲಿ ಕೂಡಿಟ್ಟ ರಜೆ ಹೋಯಿತು.

ಹೀಗೆ ಉಳಿಸಿದ್ದನ್ನು ಡೀಸೆಲ್ ಹಾಕಿಸುವ ಖಾತೆಯಲ್ಲಿಯೇ ಬಿಟ್ಟರೆ ಅದು ಡೀಸೆಲ್ಲಿಗೇ ಹೋಗುತ್ತದೆ. ಬೇರೆ ಉಳಿತಾಯ ಖಾತೆ ತೆರೆದು, 21 ದಿನಗಳ ರಜೆಗೆಂದೇ ಓಡಿದ ಪ್ರತಿ ದಿನಕ್ಕೆ 300 ರೂಪಾಯಿಯಂತೆ ಟ್ರಿಪ್ ಮುಗಿದ ದಿನವೇ ಹಾಕಿದರೆ, 240 ದಿನಗಳಲ್ಲಿ 72,000 ಆಗುತ್ತದೆ. 21 ದಿನ ಲಾರಿ ನಿಂತಾಗ ಕಂತು, ವಿಮೆ, ಮನೆಖರ್ಚು ಸೇರಿ ಬೀಳುವ ಹೊರೆ ಸುಮಾರು 69,000. ಲೆಕ್ಕ ಸರಿಹೊಂದುತ್ತದೆ.

ಬರಬೇಕಾದ ಬ್ಯಾಲೆನ್ಸ್

ಟ್ರಾನ್ಸ್‌ಪೋರ್ಟ್ ಕಚೇರಿಗಳು ಅಡ್ವಾನ್ಸ್ ಕೊಟ್ಟು, ಸರಕು ಇಳಿದ ಸಹಿ ರಸೀದಿ ಬಂದ ಮೇಲೆ ಬ್ಯಾಲೆನ್ಸ್ ಕೊಡುವುದು ವಾಡಿಕೆ. ಆ ಬ್ಯಾಲೆನ್ಸ್ ತಿಂಗಳುಗಟ್ಟಲೆ ಉಳಿದರೆ ರಜೆಯಲ್ಲಿ ಕುಳಿತವನಿಗೆ ನೆಮ್ಮದಿಯಿರುವುದಿಲ್ಲ. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಉಚಿತ. ಒಂದೇ ಲಾರಿಯವರೂ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಳ್ಳಬಹುದು. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಇಂಥ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು, ಲಿಖಿತ ಒಪ್ಪಂದವಿದ್ದರೂ, 45 ದಿನಗಳ ಆಚೆಗೆ ಮುಂದೂಡುವಂತಿಲ್ಲ. ಕಾಯ್ದೆ ತೋರಿಸಿ ಜಗಳ ತೆಗೆಯಬೇಕೆಂದಲ್ಲ, ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಕಂಡರೆ ಲೆಕ್ಕ ನೋಡುವವರ ಧ್ವನಿ ಸ್ವಲ್ಪ ಬದಲಾಗುತ್ತದೆ. ರಜೆಗೆ ಆರು ವಾರ ಮೊದಲೇ ಬಾಕಿ ಪಟ್ಟಿ ಮಾಡಿ ವಸೂಲಿ ಆರಂಭಿಸುವುದು ಒಳ್ಳೆಯದು.

ಲಾರಿ ನಿಲ್ಲಿಸಿದರೆ ಆದಾಯ ತೆರಿಗೆ ಇಳಿಯುತ್ತದೆ ಎಂಬ ತಪ್ಪು ತಿಳಿವಳಿಕೆಯೊಂದಿದೆ. ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದವರು ಲೆಕ್ಕಪುಸ್ತಕದ ಗೋಜಿಲ್ಲದೆ ಅಂದಾಜು ಆದಾಯ ತೋರಿಸುವ, 44ಎಇ ಎಂದೇ ಪರಿಚಿತವಾದ ಪದ್ಧತಿಯಲ್ಲಿ, 12 ಟನ್ನಿಗಿಂತ ಭಾರದ ಲಾರಿಗೆ ಒಟ್ಟು ತೂಕದ ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಆದಾಯವೆಂದು ಎಣಿಸಲಾಗುತ್ತದೆ. 28.5 ಟನ್ನಿನ ಲಾರಿಗೆ ಅದು ವರ್ಷಕ್ಕೆ 3,42,000. ಇಲ್ಲಿ ಲೆಕ್ಕಕ್ಕೆ ಬರುವುದು ಲಾರಿ ನಿಮ್ಮ ಹೆಸರಿನಲ್ಲಿದ್ದ ತಿಂಗಳುಗಳೇ ಹೊರತು ಓಡಿದ ತಿಂಗಳುಗಳಲ್ಲ. ಲಾರಿ ನಿಲ್ಲಿಸಿದರೆ ತೆರಿಗೆ ಇಳಿಯದು, ನಿಲ್ಲಿಸದೆ ಓಡಿಸಿದರೆ ಈ ಅಂದಾಜು ಏರುವುದೂ ಇಲ್ಲ.

ಯಾವಾಗ ನಿಲ್ಲಿಸಬೇಕು

ಇದಕ್ಕೆ ಉತ್ತರ ನೀವು ಯಾವ ಸರಕು ಹೊರುತ್ತೀರಿ ಎಂಬುದರಲ್ಲಿದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನಿನ ಲೋಡನ್ನೇ ನಂಬಿದವರಿಗೆ ಅದೇ ರಜೆಯ ಕಾಲ. ದಾವಣಗೆರೆ, ಹಾವೇರಿಯ ಮೆಕ್ಕೆಜೋಳ ಹೊರುವವರು ಕೊಯ್ಲಿನ ಕಾಲದಲ್ಲಿ ಮನೆಯಲ್ಲಿ ಕುಳಿತರೆ ಕೈಯಾರೆ ನಷ್ಟ ಮಾಡಿಕೊಂಡಂತೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಡಿಸೆಂಬರಿನಿಂದ ಮೂರು ತಿಂಗಳು, ಬೆಳಗಾವಿ, ಬಾಗಲಕೋಟೆಯ ಕಬ್ಬು ಚಳಿಗಾಲವಿಡೀ ಕೆಲಸ ಕೊಡುತ್ತವೆ. ನಮ್ಮ ಉದಾಹರಣೆಯ ಲಾರಿಗೆ ಆಷಾಢ ಒಳ್ಳೆಯದು: ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಸಂಚಾರ ನಿಂತರೆ ದಾರಿಯಲ್ಲೇ ಕಾಯಬೇಕಾಗುತ್ತದೆ. ಘಾಟಿಯಲ್ಲಿ ಮೂರು ದಿನ ಸಿಕ್ಕಿಕೊಳ್ಳುವುದಕ್ಕಿಂತ ಮನೆಯಲ್ಲಿ ಮೂರು ದಿನ ಇರುವುದೇ ಲಾಭ.

ಎಂಟು ವರ್ಷ ದಾಟಿದ ಲಾರಿಗೆ ಪ್ರತಿವರ್ಷವೂ, ಅದಕ್ಕಿಂತ ಹೊಸದಕ್ಕೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ಎಫ್‌ಸಿಯನ್ನೂ ರಜೆಯನ್ನೂ ಒಂದೇ ತಿಂಗಳಲ್ಲಿ ಇಟ್ಟುಕೊಳ್ಳಬಹುದು, ಆದರೆ ಒಂದೇ ದಿನಗಳಲ್ಲಿ ಇಟ್ಟುಕೊಳ್ಳಬಾರದು. ಗ್ಯಾರೇಜಿನ ಮುಂದೆ ಸ್ಟೂಲು ಹಾಕಿಕೊಂಡು ಪೇಂಟರ್ ಬರುವುದನ್ನು ಕಾದ ದಿನ ರಜೆಯಲ್ಲ, ಅದು ಬಾಡಿಗೆ ಬಾರದ ಕೆಲಸದ ದಿನ.

ವಾರದ ವಿಶ್ರಾಂತಿ ಭಾನುವಾರವೇ ಆಗಬೇಕೆಂದೇನೂ ಇಲ್ಲ. ಟ್ರಿಪ್ ಮುಗಿದು ಊರಿಗೆ ಬಂದ ದಿನ ಮರು ಲೋಡಿಗೆ ಒಪ್ಪಿಕೊಳ್ಳದಿರುವುದೇ ಸುಲಭದ ನಿಯಮ. ದಾರಿಯ ರಾತ್ರಿ ನಿದ್ದೆಗೂ ಜಾಗವಿದೆ: ಸರಕಿನ ಜೊತೆಗಿರಬೇಕಾದ ಜಿಎಸ್‌ಟಿ ಕಾಗದವಾದ ಇ-ವೇ ಬಿಲ್ಲಿನ ಅವಧಿ 200 ಕಿ.ಮೀ.ಗೆ ಒಂದು ದಿನ, ಆದ್ದರಿಂದ 500 ಕಿ.ಮೀ. ದಾರಿಗೆ ಮೂರು ದಿನ ಸಿಗುತ್ತದೆ. ಮಳೆಯಿಂದಲೋ ರಿಪೇರಿಯಿಂದಲೋ ತಡವಾದರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ಅದನ್ನು ವಿಸ್ತರಿಸಲು ಅವಕಾಶವಿದೆ. ಬಿಲ್ ಮುಗಿಯುತ್ತದೆ ಎಂಬ ಕಾರಣಕ್ಕೆ ರಾತ್ರಿಯಿಡೀ ಘಾಟಿ ಇಳಿಯುವ ಅಗತ್ಯವಿಲ್ಲ.

ಬದಲಿ ಚಾಲಕನೋ, ಬಾಗಿಲು ಮುಚ್ಚಿದ ಲಾರಿಯೋ

ರಜೆಯಲ್ಲಿ ಬೇರೊಬ್ಬ ಚಾಲಕನಿಗೆ ಲಾರಿ ಒಪ್ಪಿಸಿದರೆ ಕಂತಿನ ಹಣವಾದರೂ ಹುಟ್ಟುತ್ತದೆ ಎಂಬುದು ನಿಜ. ಹಾಗೆ ಮಾಡುವುದಿದ್ದರೆ ಅವನ ಭಾರಿ ವಾಹನದ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ಮೊದಲು ನೋಡಬೇಕು, ಏಕೆಂದರೆ ಈ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಮಾಲೀಕ-ಚಾಲಕರ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಅವನಿಗೆ ಅನ್ವಯಿಸುವುದಿಲ್ಲ. ಸಂಬಳದ ಚಾಲಕನ ಹೊಣೆಗಾಗಿ ಪಾಲಿಸಿಯಲ್ಲಿ ಪ್ರತ್ಯೇಕ ಪ್ರೀಮಿಯಂ ಕಟ್ಟಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಆದರೂ ಮೊದಲ ಸಲ ರಜೆ ತೆಗೆದುಕೊಳ್ಳುವವರು ಲಾರಿಯನ್ನು ಪೂರ್ತಿ ನಿಲ್ಲಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ಲಾರಿ ರಸ್ತೆಯಲ್ಲಿದ್ದರೆ ಮಾಲೀಕನ ಕಿವಿ ಫೋನಿನಲ್ಲೇ ಇರುತ್ತದೆ.

ನಿಲ್ಲಿಸುವಾಗ ಸಮತಟ್ಟಾದ, ನೀರು ನಿಲ್ಲದ ಜಾಗ ಹುಡುಕಿ, ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ವೈರ್ ಬಿಚ್ಚಿಡಬೇಕು. ಟ್ಯಾಂಕ್ ತುಂಬಿದ್ದರೆ ಒಳಗೆ ತೇವ ಕಟ್ಟುವುದಿಲ್ಲ ಎನ್ನುತ್ತಾರೆ, ಆದರೆ ಕಾವಲಿಲ್ಲದ ಕಡೆ ತುಂಬಿದ ಟ್ಯಾಂಕ್ ಕಳ್ಳನಿಗೆ ಆಹ್ವಾನ. ತಾಡಪಾಲು, ಹಗ್ಗ, ಸ್ಟೆಪ್ನಿ, ಜಾಕ್ ಮನೆಯೊಳಗೆ ಇರಲಿ. ಟ್ರಾನ್ಸ್‌ಪೋರ್ಟ್ ಕಚೇರಿಗಳಿಗೆ ಮರಳಿ ಲೋಡು ಹಿಡಿಯುವ ದಿನಾಂಕವನ್ನು ಮೊದಲೇ ತಿಳಿಸಿದರೆ ಸಂಬಂಧ ಕೆಡುವುದಿಲ್ಲ.

ಇನ್ನು ಆ ದಿನಗಳಲ್ಲಿ ಏನು ಮಾಡಬೇಕೆಂಬುದು ಅವರವರ ಇಷ್ಟ, ಆದರೂ ಒಂದು ಮಾತನ್ನು ಹೇಳದಿರಲಾರೆ: ವಾಹನ ಓಡಿಸಬೇಡಿ. ರಜೆ ಸಿಕ್ಕೊಡನೆ ನೆಂಟರ ಕಾರಿನಲ್ಲಿ ಮನೆಮಂದಿಯನ್ನೆಲ್ಲ ತುಂಬಿಕೊಂಡು ರಾತ್ರೋರಾತ್ರಿ ಧರ್ಮಸ್ಥಳಕ್ಕೆ ಹೊರಡುವವರ ಸೊಂಟಕ್ಕೆ ಆ ಪ್ರಯಾಣವೂ ಇನ್ನೊಂದು ಟ್ರಿಪ್ಪೇ. ಸಾರಿಗೆ ನಿಗಮದ ಬಸ್ಸಿನಲ್ಲಿ ಹೋಗಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಡತಿ, ಮಗಳು, ತಾಯಿಗೆ ಟಿಕೆಟ್ಟಿನ ಖರ್ಚೂ ಇಲ್ಲ. ಶಿರಾಡಿ ಘಾಟಿಯಲ್ಲಿ ನೂರಾರು ಸಲ ತಿರುವುಗಳನ್ನಷ್ಟೇ ನೋಡಿದವರು ಕಿಟಕಿಯ ಪಕ್ಕ ಕುಳಿತು ಕೆಂಪುಹೊಳೆಯನ್ನೊಮ್ಮೆ ನೋಡಬಹುದು.

ಮರಳಿ ಬಂದ ಮೇಲೆ ಮೊದಲ ಲೋಡು ಹತ್ತಿರದ್ದಾಗಿರಲಿ, ಹೊಸಪೇಟೆಯೋ ಕೊಪ್ಪಳವೋ ಆದರೆ ಸಾಕು. ಮೂರು ವಾರ ನಿಂತ ಲಾರಿಯ ಬ್ರೇಕು, ಗಾಳಿಯ ಪೈಪು, ಬ್ಯಾಟರಿಗಳಲ್ಲಿ ಏನಾದರೂ ದೋಷ ಕಾಣಿಸಿಕೊಂಡರೆ ಪರಿಚಯದ ಮೆಕ್ಯಾನಿಕ್ ಬೈಕಿನಲ್ಲಿ ಬಂದು ನೋಡುವಷ್ಟು ದೂರದಲ್ಲಿ ಕಾಣಿಸಿಕೊಳ್ಳಲಿ.