ಬಾಡಿಗೆ ಮನೆಗೆ ಸೋಲಾರ್: ಮೇಸ್ತ್ರಿಗಿಂತ ಮೊದಲು ಮೆಸ್ಕಾಂ ಬಿಲ್

ಶಿವಮೊಗ್ಗದಲ್ಲೋ ತೀರ್ಥಹಳ್ಳಿಯಲ್ಲೋ ಹಳೇ ಹೆಂಚಿನ ಮನೆ ಕೊಂಡು, ರಿಪೇರಿ ಮಾಡಿಸಿ, ಮಾಡಿಗೆ ಸೋಲಾರ್ ಹಾಕಿಸಿ ಬಾಡಿಗೆಗೆ ಕೊಡುವ ಯೋಚನೆ ಇದೆಯೇ? ಮೊದಲು ಮೆಸ್ಕಾಂನ ಕರೆಂಟ್ ಬಿಲ್ ತೆಗೆದು, ಅದರಲ್ಲಿ ಯಾರ ಹೆಸರಿದೆ ನೋಡಿ. ಸೋಲಾರ್ ಅರ್ಜಿ ಹಾಕಲು ಅದು ನಿಮ್ಮ ಹೆಸರಲ್ಲಿರಬೇಕು. ನಾನು ಕೊಂಡ ಮನೆಯ ಖಾತೆ ನನ್ನ ಹೆಸರಿಗೆ ಬಂದಿತ್ತು. ಬಿಲ್ ಮಾತ್ರ ಹಿಂದಿನ ಮಾಲೀಕರ ತೀರಿಹೋದ ತಂದೆಯ ಹೆಸರಲ್ಲೇ ಬರುತ್ತಿತ್ತು. ಅದನ್ನು ಬದಲಾಯಿಸುವಷ್ಟರಲ್ಲಿ ಮಳೆಗಾಲ ಹಿಡಿದು, ಆ ವರ್ಷ ಮಾಡಿನ ಮೇಲೆ ಆಳು ಹತ್ತಿಸಲು ಆಗಲೇ ಇಲ್ಲ.

ಹೆಸರು ಸರಿಯಾದ ಮೇಲೆ ಮಾಡಿನ ಕೆಲಸ. ಇಲ್ಲಿ ಅವಸರ ಬೇಡ. ನಾಲ್ಕು ಕಡೆ ಹೆಂಚು ತೆಗೆಸಿ, ಅವನ್ನು ಹೊರುವ ಮರದ ರೀಪು, ಪಕಾಸಿಗೆ ಚಾಕುವಿನ ಮೊನೆ ಒತ್ತಿ. ಮೇಲೆ ಗಟ್ಟಿ ಕಾಣುವ ಮರದೊಳಗೆ ಗೆದ್ದಲಿನ ಮಣ್ಣು ತುಂಬಿರುತ್ತದೆ. ಮೊನೆ ಸಲೀಸಾಗಿ ಇಳಿದರೆ ಆ ಪಕಾಸು ಬದಲಾಗಲೇಬೇಕು. ಪ್ಯಾನೆಲ್ ಕೂರಿಸಿದ ಮೇಲೆ ಸೋರಿಕೆ ಹುಡುಕುವುದು ದುಪ್ಪಟ್ಟು ಖರ್ಚು. ದಕ್ಷಿಣಕ್ಕೆ ಇಳಿಯುವ ಮಾಡು ಒಳ್ಳೆಯದು. ಒಂದು ಕಿಲೋವಾಟ್‌ಗೆ ಸುಮಾರು 100 ಚದರಡಿ ಬೇಕು, ಅದರ ಮೇಲೆ ಹಲಸಿನ ಮರದ ನೆರಳು ಬೀಳಬಾರದು.

ಆಮೇಲೆ ಮಾಡಿನ ಸೋಲಾರ್‌ಗೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂ ಸೂರ್ಯಘರ್ ಪೋರ್ಟಲ್‌ನಲ್ಲಿ ಅರ್ಜಿ. 2024ರ ಫೆಬ್ರವರಿಯಲ್ಲಿ ಶುರುವಾದ ಈ ಯೋಜನೆಯಲ್ಲಿ ಮೊದಲ 2 ಕಿಲೋವಾಟ್‌ಗೆ ತಲಾ 30,000 ರೂಪಾಯಿ ಸಬ್ಸಿಡಿ, ಮೂರನೆಯದಕ್ಕೆ 18,000. ಒಟ್ಟು 78,000ಕ್ಕಿಂತ ಹೆಚ್ಚು ಸಿಗದು. ನೋಂದಾಯಿತ ಏಜೆನ್ಸಿಯೇ ಅಳವಡಿಸಬೇಕು, ಪ್ಯಾನೆಲ್ ದೇಶದಲ್ಲೇ ತಯಾರಾದದ್ದಿರಬೇಕು. ಸಬ್ಸಿಡಿ ನಿಮ್ಮ ಬ್ಯಾಂಕ್ ಖಾತೆಗೆ ಬರುವುದು, ಮೆಸ್ಕಾಂಗೆ ಹೋದ ಸೋಲಾರ್ ಕರೆಂಟನ್ನೂ ಎಣಿಸುವ ನೆಟ್ ಮೀಟರ್ ಕೂತು ತಪಾಸಣೆ ಮುಗಿದ ನಂತರ. ಅಲ್ಲಿವರೆಗಿನ ಖರ್ಚಿಗೆ ಕೈಯಲ್ಲಿ ದುಡ್ಡಿರಲಿ, ಇಲ್ಲವೇ ಬ್ಯಾಂಕಿನ ಸೋಲಾರ್ ಸಾಲ ವಿಚಾರಿಸಿ.

ಆರಿದ್ರಾ, ಪುಷ್ಯ ಮಳೆಯಲ್ಲಿ ಬಿಸಿಲು ಕಾಣುವುದೇ ಅಪರೂಪ. ಬೇಸಿಗೆಯ ಒಂದು ತಿಂಗಳ ಉತ್ಪಾದನೆಯನ್ನು ಹನ್ನೆರಡರಿಂದ ಗುಣಿಸಿ ತೋರಿಸುವ ಮಾರಾಟಗಾರರನ್ನು ನಂಬಬೇಡಿ.

ಮನೆಯಲ್ಲಿ ಬಾಡಿಗೆದಾರರಿದ್ದರೆ ಅವರ ಬಿಲ್ ಕೇಳಿ ನೋಡಿ. ರಾಜ್ಯದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಬಿಲ್ ಶೂನ್ಯ ಬರುತ್ತಿದ್ದರೆ ನಿಮ್ಮ ಸೋಲಾರ್‌ಗಾಗಿ ಅವರು ಹೆಚ್ಚು ಬಾಡಿಗೆ ಏಕೆ ಕೊಡುತ್ತಾರೆ? ಅಂಥ ಮನೆಯಲ್ಲಿ ಆ ಹಣವನ್ನು ಮಾಡಿಗೇ ಹಾಕುವುದು ಸರಿ ಎಂಬುದು ನನ್ನ ಅಭಿಪ್ರಾಯ. ತಿಂಗಳಿಗೆ 200 ಯೂನಿಟ್ ಮೀರಿದರೆ ಇಡೀ ಬಿಲ್ ಕಟ್ಟಬೇಕಾಗುವುದರಿಂದ, ಹೆಚ್ಚು ಕರೆಂಟ್ ಉರಿಸುವ ದೊಡ್ಡ ಸಂಸಾರದ ಮನೆಯಲ್ಲಿ ಸೋಲಾರ್ ನಿಜಕ್ಕೂ ಗಿಟ್ಟುತ್ತದೆ.

ಆದಾಯ ತೆರಿಗೆಯಲ್ಲಿ ಬಾಡಿಗೆಯ ಶೇ 30ರಷ್ಟು ಕಡಿತ ಹೇಗೂ ಸಿಗುತ್ತದೆ, ರಿಪೇರಿಗೆ ಬೇರೆ ಕಡಿತವಿಲ್ಲ. ಆದರೆ ರಿಪೇರಿಗೆ ಸಾಲ ಮಾಡಿದ್ದರೆ ಅದರ ಬಡ್ಡಿಯನ್ನು ಬಾಡಿಗೆಯಿಂದ ಕಳೆಯಬಹುದು. ಮುಂದೆ ಮನೆ ಮಾರುವಾಗ ಹೊಸ ಮಾಡಿನಂಥ ಸುಧಾರಣೆಯ ಖರ್ಚು ಲಾಭದ ಲೆಕ್ಕದಲ್ಲಿ ಕಳೆಯುತ್ತದೆ. ಸಿಗರೇಟು ಪ್ಯಾಕಿನ ಹಿಂದೆ ಮೇಸ್ತ್ರಿ ಬರೆದುಕೊಟ್ಟ ಲೆಕ್ಕ ಅಲ್ಲಿ ನಡೆಯದು, ಪಕ್ಕಾ ಬಿಲ್ ಕೇಳಿ. ಪ್ಯಾನೆಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದಿದೆ. ಕೊಟೇಶನ್‌ನಲ್ಲಿ ಹಳೇ ದರವಿದ್ದರೆ ಮುಂಗಡ ಕೊಡುವ ಮೊದಲೇ ತಿದ್ದಿಸಿ.